ಬೆಲ್ಲದ ಪಕ್ಕದ ಕರ್ಪೂರ

"ಸಹಿ ಒಂದು ಬಿದ್ರ ಮುಗೀತು ನೋಡ್ರಿ ಮೇಡಂ," ಎಂದು ಸಿದ್ಧಲಿಂಗೇಶ್ ಪೆನ್ನಿನ ಮುಚ್ಚಳ ತೆಗೆದು ಶಕೀಲಾಳ ಮುಂದೆ ಇಟ್ಟರು.

ಶಕೀಲಾ ಪೆನ್ನು ಮುಟ್ಟಲಿಲ್ಲ. ಬೆಳಿಗ್ಗೆ ಡರ್ಹಮ್ ಬಿಟ್ಟು ಐದೂವರೆ ಗಂಟೆ ಕಾರು ಓಡಿಸಿ ಲಾರೆನ್ಸ್‌ವಿಲ್‌ನ ಈ ಗೋದಾಮಿಗೆ ಬಂದು ಇಳಿದಿದ್ದಳು. ಅದರ ಹಿಂದಿನ ದಿನ ಹರ್ನ್‌ಡನ್‌ನ ತನ್ನ ಮನೆಯಿಂದ ಡರ್ಹಮ್‌ಗೆ. ಮಂಡಿ ಮಡಚಿದರೆ ಬಿಡಿಸಲಾಗುತ್ತಿರಲಿಲ್ಲ, ಬಿಡಿಸಿದರೆ ಮಡಚಲಾಗುತ್ತಿರಲಿಲ್ಲ. ಐವತ್ತು ದಾಟಿದ ಹೆಂಗಸಿಗೆ ಪತ್ತೇದಾರಿಕೆ ಯಾಕೆ ಬೇಕಿತ್ತು ಎಂದು ಮಂಡಿಯೇ ಕೇಳುತ್ತಿದ್ದಂತಿತ್ತು.

ಕಾಗದದಲ್ಲಿ ಇದ್ದದ್ದು ಇಷ್ಟು. ಕರ್ಪೂರ ಬಿದ್ದ ಉಂಡೆ ತಿಂದು ಫಿಟ್ಸ್ ಬಂದು ಆಸ್ಪತ್ರೆ ಸೇರಿದ ಬಸವಂತಪ್ಪನವರ ಸ್ಥಿತಿಗೆ ಕಾರಣ ‘ಸಂತೆಮನೆ’ ಆನ್‌ಲೈನ್ ಅಂಗಡಿಯ ವಿಂಗಡಣೆಯಲ್ಲಾದ ತಪ್ಪು; ಆ ತಪ್ಪು ಮಾಡಿದವನು ಪ್ರೋಗ್ರಾಮರ್ ಒವೈಸ್.

ಕಂಪ್ಯೂಟರಿನೊಳಗೆ ಯಾರು ಯಾವಾಗ ಏನು ಮುಟ್ಟಿದರು ಎಂದು ಹುಡುಕಿ ಹೇಳುವುದು ಶಕೀಲಾಳ ಕಸುಬು. ಅವಳ ಸಹಿ ಬಿದ್ದರೆ ಸೋಮವಾರ ವಕೀಲರು ಈ ಕಾಗದ ಹಿಡಿಯುತ್ತಾರೆ, ಒವೈಸ್‌ನ ಕೆಲಸ ಹೋಗುತ್ತದೆ, ಕೆಲಸದ ಹಿಂದೆ ವೀಸಾ ಹೋಗುತ್ತದೆ. ಅವನ ಹೆಂಡತಿ ನಾಯಿಲಾಗೆ ಏಳು ತಿಂಗಳು. ಮೆಟ್ಟಿಲು ಹತ್ತುವಾಗ ಶಕೀಲಾ ಅವನನ್ನು ನೋಡಿದ್ದಳು. ಬ್ಯಾಡ್ಜ್ ಕಿತ್ತುಕೊಂಡಿದ್ದರಿಂದ ಒಳಗೆ ಬರಲಾಗದೆ, ಲಾರಿ ನಿಲ್ಲುವ ಬಾಗಿಲ ಹತ್ತಿರ ಅಕ್ಕಿ ಮೂಟೆಯ ಮೇಲೆ ಕೂತಿದ್ದ. ತನ್ನ ವಿಷಯ ಒಂದು ಮಾತೂ ಎತ್ತಲಿಲ್ಲ. "ಊಟ ಆಯ್ತಾ ಆಂಟಿ?" ಎಂದಷ್ಟೇ ಕೇಳಿದ. ಅದು ಅವಳಿಗೆ ನಾಟಿತ್ತು.

"ಎಲ್ಲ ಇನ್ನೊಂದು ಸಲ ನೋಡ್ತೀನಿ," ಎಂದಳು.

ಸಿದ್ಧಲಿಂಗೇಶ್ ನಿಟ್ಟುಸಿರು ಬಿಟ್ಟರು. ಬಸವಂತಪ್ಪನವರೂ ಅವರೂ ಸೇರಿ ಕಟ್ಟಿದ ಅಂಗಡಿ ಇದು. ಒಂದು ವಾರದಿಂದ ಗಡ್ಡ ತೆಗೆದಿರಲಿಲ್ಲ, ನಿದ್ದೆಯೂ ಮಾಡಿರಲಿಲ್ಲವೇನೋ. "ನೋಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಏನ್ ನೋಡ್ತೀರಿ? ನಮ್ಮ ಅಪ್ಪಾರು ಬಾಗಲಕೋಟಿಯೊಳಗ ಅಂಗಡಿ ಇಟ್ಟಿದ್ರು. ಗಿರಾಕಿ ಹೊಸ್ತಿಲ ದಾಟಿದ್ರ ಸಾಕು, ‘ಯಕ್ಕಾ, ಈ ಸಲ ಅಗಸಿ ಛಲೋ ಬಂದೈತಿ, ಒಯ್ಯಿ’ ಅಂತಿದ್ರು. ಆಕಿ ಒಯ್ತಿದ್ಲು. ಮಂದಿ ಸಾಮಾನು ನೋಡಿ ಒಯ್ಯಂಗಿಲ್ರಿ, ಮಾತು ನಂಬಿ ಒಯ್ತಾರ. ಈಗ ಮಷೀನಿನ ಮಾತು ನಂಬಿ ನಮ್ಮ ಬಸವ್ವ ಕಾಕೂ ಉಂಡಿಗೆ ಕರ್ಪೂರ ಹಾಕ್ಯಾರ."

ಅಷ್ಟರಲ್ಲಿ ಅವರ ಫೋನು ರಿಂಗಾಯಿತು. ಡರ್ಹಮ್‌ನಿಂದ, ಬಸವಂತಪ್ಪನವರ ಮಗಳು ಡಾಕ್ಟರ್ ಸಿದ್ದೇಶ್ವರಿ. "ಹ್ಞೂಂ ತಂಗಿ, ಮೇಡಂ ಬಂದಾರ," ಎಂದರು ಸಿದ್ಧಲಿಂಗೇಶ್. "ಇನ್ನ ಸಹಿ ಆಗಿಲ್ಲ. ಎಲ್ಲಾ ಮತ್ತೊಮ್ಮೆ ನೋಡ್ತೀನಿ ಅಂತಾರ. ಆತು, ಹೇಳ್ತೀನಿ."

ಫೋನನ್ನು ಮೇಜಿನ ಮೇಲಿದ್ದ ಚಾರ್ಜರಿಗೆ ಸಿಕ್ಕಿಸಿ, "ಚಹಾ ಮಾಡ್ಕೊಂಡು ಬರ್ತೀನಿ. ಮೈಥಿಲಿ, ಮೇಡಮ್ಮಾರಿಗೆ ಏನ್ ಬೇಕು ತೋರಿಸವಾ," ಎಂದು ಮೆಟ್ಟಿಲಿಳಿದು ಹೋದರು.

ಮಹಡಿಯ ಆ ಕೋಣೆಗೆ ಒಂದು ಕಡೆ ಗಾಜಿನ ಗೋಡೆ. ಕೆಳಗಿನ ಗೋದಾಮಿನ ಸಾಲು ಸಾಲು ಕಪಾಟು, ಮೂಲೆಯ ಚಹಾ ಒಲೆ, ಎಲ್ಲವೂ ಕಾಣುತ್ತಿತ್ತು. ಕೋಣೆಯಲ್ಲಿ ಉಳಿದವರು ಶಕೀಲಾ ಮತ್ತು ಮೈಥಿಲಿ. ಅಂಗಡಿಯ ಸಾವಿರಾರು ಸಾಮಾನು ಯಾವ ಗುಂಪಿಗೆ ಸೇರಬೇಕು ಎಂದು ತೀರ್ಮಾನಿಸುವವಳು ಈ ಮೈಥಿಲಿಯೇ. ನಲವತ್ತರ ಆಸುಪಾಸು, ಮೈಸೂರಿನವಳು, ಮಾತು ಮೆತ್ತಗೆ. ಅವಳ ಕಣ್ಣು ಕಾಗದದ ಮೇಲಿತ್ತು, ಶಕೀಲಾಳ ಮುಖದ ಮೇಲಿರಲಿಲ್ಲ.

ಶಕೀಲಾ ಕೈಚೀಲದಿಂದ ಎರಡು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಒಂದು ಪೂಜೆ ಕರ್ಪೂರ, ಡರ್ಹಮ್‌ನ ಅಡುಗೆಮನೆಯಿಂದ ತಂದದ್ದು, ಅರ್ಧ ಖಾಲಿ. ಇನ್ನೊಂದು ಪಚ್ಚಕರ್ಪೂರ, ಚಿಟಿಕೆ ಲೆಕ್ಕದಲ್ಲಿ ತಿನ್ನುವಂಥದ್ದು, ಈಗ ತಾನೇ ಕೆಳಗಿನ ಕಪಾಟಿನಿಂದ ಎತ್ತಿಕೊಂಡದ್ದು.

ಅರ್ಧ ಖಾಲಿ ಪೊಟ್ಟಣ ಕೊಟ್ಟವರು ಬಸವಂತಪ್ಪನವರ ಹೆಂಡತಿ ಬಸವ್ವ. ಬೆಳಿಗ್ಗೆ ಆ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಹೇಳಿದ್ದು ಶಕೀಲಾಳ ಕಿವಿಯಲ್ಲಿ ಇನ್ನೂ ಇತ್ತು. "ನನಗೇನ್ ಗೊತ್ತವಾ. ಸಿದ್ಧಲಿಂಗೇಶ ಹೇಳಿದ್ನಲ್ಲ, ಅದಕ ಹಾಕಿದೆ. ಸೋಮವಾರ ನಂದು ಒಪ್ಪತ್ತು, ನಾ ತಿನ್ನಲಿಲ್ಲ. ಮಗಳಂತೂ ಸಿಹಿ ಮುಟ್ಟಂಗಿಲ್ಲ. ಅವರೊಬ್ಬರ ಬಾಯಿಗೇ ಹೋತು." ಅಂಗಡಿಯ ವೆಬ್‌ಸೈಟನ್ನೇ ಮುದುಕಿ ಯಜಮಾನನ ಹೆಸರಿನಿಂದ ಕರೆಯುತ್ತಾಳೆ ಎಂದುಕೊಂಡು ಶಕೀಲಾ ಆ ಮಾತನ್ನು ದಾಟಿ ಬಂದಿದ್ದಳು.

"ಮೈಥಿಲಿ, ನಿಮ್ಮ ಮನೇಲಿ ಕರ್ಪೂರ ಎಲ್ಲಿಡ್ತೀರ?"

"ದೇವರ ಮನೇಲಿ."

"ಪಚ್ಚಕರ್ಪೂರ?"

ಮೈಥಿಲಿಯ ಕಣ್ಣು ಪೊಟ್ಟಣಗಳತ್ತ ಹೋಯಿತು. "ಅಡುಗೆಮನೇಲಿ. ಏಲಕ್ಕಿ ಡಬ್ಬದ ಪಕ್ಕ. ಸಕ್ಕರೆ ಪೊಂಗಲಿಗೆ ಬೇಕಲ್ಲ, ತೀರ್ಥಕ್ಕೆ ಬೇಕು. ಮೈಸೂರಲ್ಲಿ ಎಲ್ಲರ ಮನೇಲೂ ಇರತ್ತೆ."

"ಎಲ್ಲರ ಮನೇಲೂ ಇರಲ್ಲ. ನಾನೂ ಮೈಸೂರವಳೇ, ಮಂಡಿ ಮೊಹಲ್ಲಾ. ನಮ್ಮನೆಗೆ ಕರ್ಪೂರ ಬರೋದು ಯಾರಾದ್ರೂ ತೀರಿಕೊಂಡಾಗ. ಮಯ್ಯತ್‌ಗೆ ಕೊನೇ ಸ್ನಾನ ಮಾಡಿಸೋ ನೀರಿಗೆ ಹಾಕ್ತೀವಿ. ನಮ್ಮ ತಾಯಿ ಹೋದಾಗ ಹಾಕಿದ್ವಿ. ಆಮೇಲೆ ಎಷ್ಟೋ ವರ್ಷ ಆ ವಾಸನೆ ಬಂದ್ರೆ ನನಗೆ ಅನ್ನ ಗಂಟಲಲ್ಲಿ ಇಳೀತಿರಲಿಲ್ಲ."

ಮೈಥಿಲಿ ಒಂದು ಪೊಟ್ಟಣವನ್ನು ಇನ್ನೊಂದರಿಂದ ಸ್ವಲ್ಪ ದೂರ ಸರಿಸಿದಳು.

"ಒವೈಸ್ ಅಂಥದ್ದೇ ಮನೆಯ ಹುಡುಗ. ನಿಮ್ಮ ಈ ಮರದಲ್ಲಿ ಅವನು ಏನು ಮಾಡಿದಾನೆ ಅಂತ ನೋಡಿದೆ. ಹೆಣಕ್ಕೆ ಸುತ್ತೋ ಕಫನ್ ಬಟ್ಟೆ, ಅತ್ತರು, ಮಯ್ಯತ್ತಿನ ಕರ್ಪೂರ, ಎಲ್ಲ ಒಂದು ಕೊಂಬೆಗೆ ಹಾಕಿ, ಇದನ್ನ ಬೇರೆ ಯಾವ ಸಾಮಾನಿನ ಪಕ್ಕಾನೂ ತೋರಿಸಬಾರದು ಅಂತ ಬೀಗ ಹಾಕಿದಾನೆ. ಅಷ್ಟು ಹೆದರೋ ಹುಡುಗ ಕರ್ಪೂರನ ತಗೊಂಡು ಹೋಗಿ ಬೆಲ್ಲದ ಪಕ್ಕ ಇಡ್ತಾನಾ?"

ಅವಳು ಮರ ಎಂದದ್ದು ಅಂಗಡಿಯ ವಿಂಗಡಣೆಯನ್ನು. ಅಡುಗೆ ಒಂದು ಕೊಂಬೆ, ಪೂಜೆ ಒಂದು, ಬಾಣಂತನ ಇನ್ನೊಂದು. ಒಂದೇ ಕೊಂಬೆಯಲ್ಲಿರುವ ಸಾಮಾನುಗಳನ್ನು ಕಂಪ್ಯೂಟರು ‘ಇದನ್ನೂ ನೋಡಿ’ ಎಂದು ಒಂದರ ಪಕ್ಕ ಒಂದು ತೋರಿಸುತ್ತದೆ. ಬೆಲ್ಲ ಕೊಳ್ಳುವವರಿಗೆ ಕೊಬ್ಬರಿ, ಕೊಬ್ಬರಿ ಕೊಳ್ಳುವವರಿಗೆ ಗಸಗಸೆ. ಕಂಪ್ಯೂಟರಿಗೆ ರುಚಿಯೂ ಗೊತ್ತಿಲ್ಲ, ವಿಷವೂ ಗೊತ್ತಿಲ್ಲ. ನಾವು ಎಲ್ಲಿಟ್ಟೆವೋ ಅದನ್ನು ನಂಬುತ್ತದೆ, ಪಾಪ.

"ಸಿದ್ಧಲಿಂಗೇಶ್ ಅವರ ಕಡೆ ಉಂಡೆಗೆ ಏಲಕ್ಕಿ, ಜಾಜಿಕಾಯಿ, ಮುಗೀತು," ಎಂದಳು ಶಕೀಲಾ. "ಕರ್ಪೂರ ಅಂದ ತಕ್ಷಣ ಅಡುಗೆಮನೆ ನೆನಪಾಗೋದು ಈ ಆಫೀಸಲ್ಲಿ ಒಬ್ಬರಿಗೇ. ಇನ್ನೊಂದು ಮಾತು. ಪೂಜೆ ಕರ್ಪೂರ, ಪಚ್ಚಕರ್ಪೂರ, ಎರಡು ಗುಂಪೂ ಸೇರಿಸಿ ಒಂದು ಮಾಡಿರೋದು ಒವೈಸ್ ಲಾಗಿನ್‌ನಲ್ಲೇ, ನಿಜ. ಆದ್ರೆ ಶುಕ್ರವಾರ ಮಧ್ಯಾಹ್ನ, ಜುಮಾ ಹೊತ್ತು. ಆಗ ಅವನು ಮಸೀದೀಲಿ ಇರ್ತಾನೆ. ತಡ ಆಯ್ತು ಅಂತ ಕಂಪ್ಯೂಟರ್ ಲಾಕ್ ಮಾಡದೆ ಓಡ್ತಾನೆ ಅಂತ ಇಲ್ಲಿ ಎಲ್ರೂ ನಗ್ತೀರಂತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೈಥಿಲಿ ಹೆಗಲು ಮುಟ್ಟಿಕೊಳ್ಳಲಿಲ್ಲ. ಕುತ್ತಿಗೆಯ ಐಡಿ ಕಾರ್ಡನ್ನು ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ಅಳತೊಡಗಿದಳು, ಸದ್ದಿಲ್ಲದೆ.

ಶಕೀಲಾ ಕಾದಳು. ಅಳುವವರ ಎದುರು ಕೂರುವುದು ಅವಳಿಗೆ ಹೊಸದಲ್ಲ. ಮೊದಮೊದಲು ಗೆದ್ದ ಹಾಗೆ ಅನಿಸುತ್ತಿತ್ತು. ಈಗ ಬರೀ ಆಯಾಸ ಅನಿಸುತ್ತದೆ, ಜೊತೆಗೆ ಸ್ವಲ್ಪ ನಾಚಿಕೆ.

"ನಾನೇ ಮಾಡಿದ್ದು," ಎಂದಳು ಮೈಥಿಲಿ. "ಸಣ್ಣ ಸಣ್ಣ ಕ್ಯಾಟಗರಿಗಳಿಗೆ ಸೇಲ್ಸೇ ಇರಲ್ಲ ಮೇಡಂ. ಸೇಲ್ಸ್ ಇಲ್ಲ ಅಂದ್ರೆ ರೆಕಮೆಂಡೇಶನ್ನೇ ಬರಲ್ಲ. ದೊಡ್ಡ ಕಂಪನಿಯೋರು ಅಂಗಡಿ ಕೊಂಡ್ಕೋಳಕ್ಕೆ ನೋಡ್ತಿದ್ದಾರಲ್ಲ, ಅವರು ಆ ನಂಬರ್ಸೇ ಕೇಳ್ತಾ ಇದ್ರು. ಚಿಕ್ಕವನ್ನೆಲ್ಲ ಸೇರಿಸೋಣ ಅಂತ ಒವೈಸ್‌ಗೆ ಎಷ್ಟು ಸಲ ಹೇಳಿದೆ. ಬೇರೆ ಎಲ್ಲ ಮಾಡಿದ, ಕರ್ಪೂರಕ್ಕೆ ಮಾತ್ರ ಒಪ್ಪಲಿಲ್ಲ. ಅದು ಬೇಡ ಅಕ್ಕ, ಅದನ್ನ ಹಾಗೇ ಬಿಟ್ಬಿಡಿ ಅಂತಾನೆ, ಕಾರಣ ಹೇಳಲ್ಲ. ನನಗೆ ಸಿಟ್ಟು ಬಂತು. ಜುಮಾಗೆ ಹೋದಾಗ ಅವನ ಸೀಟಲ್ಲಿ ಕೂತು ಸೇರಿಸಿಬಿಟ್ಟೆ."

"ಒಂದು ವಾರದಿಂದ ಅವನು ಕೆಳಗೆ ಮೂಟೆ ಮೇಲೆ ಕೂತಿದಾನೆ, ಮೈಥಿಲಿ."

"ಗೊತ್ತು. ದಿನಾ ಮನೆಗೆ ಹೋಗ್ತಾ ಅವನ ಮುಂದೇನೇ ಹೋಗ್ತೀನಿ. ಬಾಯಿ ಬರ್ತಿಲ್ಲ ಮೇಡಂ. ನನ್ನದೂ ವೀಸಾನೇ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಲ್ಲಿಗೆ ಮುಗಿಯಿತು ಎಂದುಕೊಂಡಳು ಶಕೀಲಾ. ಕಾಗದದಲ್ಲಿ ಒಂದು ಹೆಸರು ಹೊಡೆದು ಇನ್ನೊಂದು ಹೆಸರು ಬರೆದರೆ ಸಾಯಂಕಾಲದೊಳಗೆ ಎಲ್ಲಾದರೂ ಒಂದು ಹಾಸಿಗೆ ಸಿಗಬಹುದು. ಪೆನ್ನು ಎತ್ತಿಕೊಂಡಳು.

"ಆದ್ರೆ ಅದರಿಂದ ಹೇಗಾಯ್ತು ಅಂತ ನನಗೆ ಅರ್ಥ ಆಗ್ತಿಲ್ಲ," ಎಂದಳು ಮೈಥಿಲಿ, ಮೂಗು ಒರೆಸಿಕೊಂಡು. "ನಾನು ಅವತ್ತೇ ಸಾಯಂಕಾಲ ವಾಪಸ್ ಹಾಕಿದ್ದೆ."

ಪೆನ್ನು ನಿಂತಿತು. "ಏನು?"

"ಮನೆಗೆ ಹೋಗ್ತಾ ಹೆದರಿಕೆ ಆಯ್ತು. ಪೂಜೆ ಕರ್ಪೂರಾನ ಯಾರಾದ್ರೂ ತಿಂದ್ರೆ ಅಂತ. ಅರ್ಧ ದಾರಿಯಿಂದ ತಿರುಗಿ ಬಂದು ಹಿಂದಿನ ದಿನದ ಮರಾನೇ ಪೂರ್ತಿ ತಂದು ಕೂರಿಸಿದೆ. ಬಸವ್ವ ಆಂಟಿ ಆರ್ಡರ್ ಮಾಡಿದ್ದು ಅದಾದ್ಮೇಲೆ, ಮಂಗಳವಾರ."

"ಬದಲಾವಣೆ ದಾಖಲಾಗೋ ಲಾಗ್‌ನಲ್ಲಿ ಇಲ್ಲವಲ್ಲ."

"ಒಂದೊಂದೇ ಬದಲಾಯಿಸಿದ್ರೆ ಲಾಗ್‌ಗೆ ಬರತ್ತೆ. ಇಡೀ ಮರ ತಂದಿಟ್ರೆ ಬರಲ್ಲ. ಆದ್ರೆ ದಿನಾ ಒಂದು ಕಾಪಿ ಉಳಿಯತ್ತೆ, ನೋಡಿ."

ಅವಳು ಮಂಗಳವಾರದ ಪ್ರತಿಯನ್ನು ತೆರೆದು ತೋರಿಸಿದಳು. ಶಕೀಲಾ ಕನ್ನಡಕ ಏರಿಸಿಕೊಂಡು ಬಗ್ಗಿದಳು. ಪಚ್ಚಕರ್ಪೂರ ಅಡುಗೆ ಕೊಂಬೆಯಲ್ಲಿ, ಪೂಜೆ ಕರ್ಪೂರ ಊದುಬತ್ತಿಯ ಪಕ್ಕ. ಎಲ್ಲ ಅದರದರ ಜಾಗದಲ್ಲಿತ್ತು. ಸಿದ್ಧಲಿಂಗೇಶ್ ಶುಕ್ರವಾರದ ಒಂದು ಪುಟ ತೋರಿಸಿದ್ದರು, ಅದರ ಮುಂದಿನದನ್ನು ಅವಳು ಕೇಳಿಯೇ ಇರಲಿಲ್ಲ. ದಣಿವು ಮನುಷ್ಯನನ್ನು ಹೀಗೆ ಸೋಮಾರಿ ಮಾಡುತ್ತದೆ.

ಆದರೆ ಬೆಳಿಗ್ಗೆ ಡರ್ಹಮ್‌ನಲ್ಲಿ ಅವಳೇ ಕಣ್ಣಾರೆ ನೋಡಿದ್ದಳು. ಬಸವ್ವ ಪಾಸ್‌ವರ್ಡಿನ ಚೀಟಿ ಕೊಟ್ಟು ತಮ್ಮ ಅಕೌಂಟನ್ನು ಇವಳ ಲ್ಯಾಪ್‌ಟಾಪಿನಲ್ಲೂ ತೆರೆಸಿದ್ದರು. ಬೆಲ್ಲದ ಪಕ್ಕದಲ್ಲಿ ಪೂಜೆ ಕರ್ಪೂರದ ಚಿತ್ರ ಇತ್ತು.

"ನಿಮ್ಮ ಅಕೌಂಟಲ್ಲಿ ಬೆಲ್ಲ ಹುಡುಕಿ," ಎಂದಳು.

ಮೈಥಿಲಿ ಹುಡುಕಿದಳು. ಬೆಲ್ಲ, ಕೊಬ್ಬರಿ, ಗಸಗಸೆ, ಗೋಡಂಬಿ. ಕರ್ಪೂರದ ಸುಳಿವಿರಲಿಲ್ಲ.

ಶಕೀಲಾ ತನ್ನ ಲ್ಯಾಪ್‌ಟಾಪ್ ತೆರೆದಳು. ಬಸವ್ವನ ಪುಟ ಇನ್ನೂ ಹಾಗೇ ಇತ್ತು. ಅದೇ ಬೆಲ್ಲ, ಅದೇ ಕೊಬ್ಬರಿ. ಬಲಗಡೆ ಹಳದಿ ಅಂಚಿನ ಒಂದು ಚೌಕ, ಅದರೊಳಗೆ ಕರ್ಪೂರ. ಬೆಳಿಗ್ಗೆ ಈ ಹಳದಿ ಅಂಚನ್ನು ಅಲಂಕಾರ ಎಂದುಕೊಂಡಿದ್ದಳು. ಈಗ ಚಿತ್ರದ ಮೇಲೆ ಒತ್ತಿದಳು. ಕೆಳಗೆ ಎರಡು ಸಾಲು ಬಿಚ್ಚಿಕೊಂಡವು.

‘ಕಾಕೂ, ಈ ಸಲ ಉಂಡಿಗೆ ಇದನ್ನ ಹಾಕಿ ನೋಡ್ರಿ. ಕಾಕಾರಿಗೆ ಸೇರ್ತದ. ನಿಮ್ಮ ಸಿದ್ಧಲಿಂಗೇಶ.’

ಮೈಥಿಲಿಯ ಕೈ ಬಾಯಿಗೆ ಹೋಯಿತು.

"ಏನಿದು?" ಎಂದು ಕೇಳಿದಳು ಶಕೀಲಾ.

"ಮನೀ ಮಂದಿ ಬಾಕ್ಸ್. ಸರ್ ಅವರಪ್ಪನ ಅಂಗಡಿ ಕಥೆ ಹೇಳ್ತಾರಲ್ಲ, ಅದರ ಥರಾನೇ ಬೇಕು ಅಂತ ಮಾಡಿಸಿದ್ದು. ಹಳೇ ಪರಿಚಯದ ಮನೆಗಳಿಗೆ ಅಂತ ಸಾಮಾನು ಕೈಯಲ್ಲಿ ಆರಿಸಿ, ಒಂದು ಮಾತು ಬರೆದು ಇಡೋದು. ಆ ಮನೆಯವರಿಗೆ ಬಿಟ್ಟು ಇನ್ಯಾರಿಗೂ ಕಾಣಲ್ಲ. ಮರಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ. ನಾನಾಗ್ಲಿ ಒವೈಸ್ ಆಗ್ಲಿ ಮುಟ್ಟಕ್ಕೇ ಆಗಲ್ಲ."

ಸಿದ್ಧಲಿಂಗೇಶ ಹೇಳಿದ್ನಲ್ಲ, ಅದಕ ಹಾಕಿದೆ. ಮುದುಕಿ ಸರಿಯಾಗಿಯೇ ಹೇಳಿದ್ದಳು. ಮಷೀನಿನ ಮಾತು ಕೇಳಿ ಯಾವ ಹೆಂಗಸೂ ಉಂಡೆಗೆ ಕರ್ಪೂರ ಹಾಕುವುದಿಲ್ಲ. ಮನೆಮಗನಂಥ ಅಂಗಡಿಯವನು ಹೇಳಿದರೆ ಹಾಕುತ್ತಾಳೆ. ತಾನು ಅದನ್ನು ಕೇಳಿಯೂ ಕೇಳಿಸಿಕೊಳ್ಳಲಿಲ್ಲವಲ್ಲ ಎಂದು ಶಕೀಲಾಳಿಗೆ ತನ್ನ ಮೇಲೆಯೇ ಬೇಸರ ಬಂತು.

"ಇದನ್ನ ಯಾರು ಮುಟ್ಟಬಹುದು?"

"ಇಬ್ಬರೇ. ಸಿದ್ಧಲಿಂಗೇಶ್ ಸರ್, ಬಸವಂತಪ್ಪ ಅಂಕಲ್." ಮೈಥಿಲಿಯ ದನಿ ಇಳಿಯಿತು. "ಅಂಕಲ್ ಆಸ್ಪತ್ರೇಲಿದಾರೆ. ಅಂಗಡಿ ಮಾರೋದಕ್ಕೆ ಒಪ್ಪದೆ ಇದ್ದಿದ್ದೂ ಅವರೊಬ್ಬರೇ."

ಇಬ್ಬರೂ ಒಟ್ಟಿಗೆ ಗಾಜಿನತ್ತ ತಿರುಗಿದರು. ಕೆಳಗೆ ಸಿದ್ಧಲಿಂಗೇಶ್ ಒಲೆಯ ಮುಂದೆ ನಿಂತು ಶುಂಠಿ ಜಜ್ಜುತ್ತಿದ್ದರು. ಹಾಲು ಉಕ್ಕಿತು, ಉರಿ ತಗ್ಗಿಸಿದರು. ನಾಲ್ಕು ಲೋಟಕ್ಕೆ ಸೋಸಿದರು. ಒಂದು ಲೋಟವನ್ನು ತಾವೇ ಒಯ್ದು ಮೂಟೆಯ ಮೇಲೆ ಕೂತಿದ್ದ ಒವೈಸ್‌ನ ಕೈಗೆ ಕೊಟ್ಟು, ತಿರುಗಿ ಬಂದು ತಟ್ಟೆ ಎತ್ತಿಕೊಂಡರು. ಹುಡುಗನ ಬ್ಯಾಡ್ಜ್ ಕಿತ್ತುಕೊಂಡವರೂ ಅವರೇ, ಚಹಾ ಕೊಡುವವರೂ ಅವರೇ. ಇಂಥ ಮನುಷ್ಯನನ್ನು ಏನೆಂದು ತಿಳಿಯುವುದು ಎಂದು ಶಕೀಲಾಳಿಗೆ ತೋಚಲಿಲ್ಲ.

"ಇದರ ಫೋಟೋ ತಗೊಳ್ಳಿ," ಎಂದು ಅವಳು ಲ್ಯಾಪ್‌ಟಾಪನ್ನು ಮೈಥಿಲಿಯ ಕಡೆ ತಿರುಗಿಸಿದಳು.

ಪುಟ ತಾನಾಗಿ ಒಮ್ಮೆ ಮಿನುಗಿ ಹೊಸದಾಯಿತು. ಬೆಲ್ಲ ಇತ್ತು, ಕೊಬ್ಬರಿ ಇತ್ತು. ಹಳದಿ ಚೌಕ ಖಾಲಿಯಾಗಿತ್ತು.

"ಅಯ್ಯೋ, ಈಗ ತಾನೇ ಇತ್ತಲ್ಲ," ಎಂದಳು ಮೈಥಿಲಿ.

"ಯಾರೋ ತೆಗೆದರು. ಈಗ, ನಾವು ನೋಡ್ತಿರೋವಾಗಲೇ."

ಶಕೀಲಾ ಗಾಜಿನಾಚೆ ನೋಡಿದಳು. ಸಿದ್ಧಲಿಂಗೇಶ್‌ರ ಎರಡು ಕೈಯೂ ತಟ್ಟೆಯ ಮೇಲಿದ್ದವು, ನಡಿಗೆ ಮೆಟ್ಟಿಲಿನ ಕಡೆಗಿತ್ತು. ಅವರ ಫೋನು ಇಲ್ಲೇ, ಮೇಜಿನ ಮೇಲೆ, ಚಾರ್ಜರಿನ ಬಾಲಕ್ಕೆ ಕಟ್ಟಿಕೊಂಡು ಬಿದ್ದಿತ್ತು.

ಅವರಲ್ಲ.

ಉಳಿದದ್ದು ಇನ್ನೊಂದು ಕೀಲಿ, ಬಸವಂತಪ್ಪನವರದು. ಅದು ಕೈಯಲ್ಲಿದ್ದವರು ಮಾತಿನ ಕೆಳಗೆ ಯಾರ ಹೆಸರು ಬೇಕಾದರೂ ಬರೆಯಬಹುದು. ಆಸ್ಪತ್ರೆಯ ಮಂಚದಲ್ಲಿ ತೊದಲುತ್ತಿರುವ ಮನುಷ್ಯ ಅದನ್ನು ತಿರುಗಿಸಲಾರ. ಡರ್ಹಮ್‌ನ ಮನೆಯ ಊಟದ ಮೇಜಿನ ಮೇಲೆ ಅವರ ಟ್ಯಾಬ್ಲೆಟ್ ಇತ್ತು. ಬೆಳಿಗ್ಗೆ ಅದರ ಪಕ್ಕದಲ್ಲೇ ಶಕೀಲಾ ಚಹಾ ಕುಡಿದಿದ್ದಳು. "ಸಾಮಾನು ತರಿಸೋದು ಬಿಟ್ರ ನನಗ ಇದೆಲ್ಲಾ ಒತ್ತಾಕ ಬರಂಗಿಲ್ಲವಾ," ಎಂದಿದ್ದರು ಬಸವ್ವ. "ಅವರದು, ನಂದು, ಎಲ್ಲಾ ನಮ್ಮ ಸಿದ್ದೇಶ್ವರೀನ ನೋಡ್ಕೋತಾಳ."

"ಮೈಥಿಲಿ, ಅಂಗಡಿ ಮಾರೋದಕ್ಕೆ ಅಪ್ಪನ್ನ ಒಪ್ಪಿಸ್ತೀನಿ ಅಂತ ಯಾರಾದ್ರೂ ಹೇಳಿದ್ರಾ?"

"ಮಗಳೇ ಹೇಳಿದ್ರು. ಹೋದ ತಿಂಗಳು ಮೀಟಿಂಗಲ್ಲಿ. ಅಪ್ಪನ ವಿಷಯ ನನಗೆ ಬಿಡಿ ಅಂದ್ರು."

ಬಾಗಿಲು ತೆರೆಯಿತು. ಸಿದ್ಧಲಿಂಗೇಶ್ ತಟ್ಟೆಯೊಂದಿಗೆ ಒಳಗೆ ಬಂದರು. ಅದೇ ಹೊತ್ತಿಗೆ ಮೇಜಿನ ಮೇಲಿನ ಫೋನು ರಿಂಗಾಯಿತು. ಪರದೆಯ ಮೇಲೆ ಸಿದ್ದೇಶ್ವರಿಯ ಹೆಸರು. ಅವರು ತಟ್ಟೆ ಇಡಲು ಜಾಗ ಹುಡುಕುತ್ತಾ, "ಮೇಡಂ, ಸ್ಪೀಕರ್ ಒತ್ತರಿ," ಎಂದರು.

ಶಕೀಲಾ ಒತ್ತಿದಳು.

"ಅಂಕಲ್, ಗುಡ್ ನ್ಯೂಸ್." ಸಿದ್ದೇಶ್ವರಿಯ ದನಿ ಬೆಳಿಗ್ಗೆ ಕೇಳಿದಷ್ಟೇ ಮೃದುವಾಗಿತ್ತು. "ಅಪ್ಪನ್ನ ಮನೆಗೆ ಕರ್ಕೊಂಡ್ ಬಂದೆ. ಹಾಸ್ಪಿಟಲ್ ಊಟ ತಿನ್ನಲ್ಲ ಅಂತ ಒಂದೇ ಹಠ. ನಾನೇ ಡಿಸ್ಚಾರ್ಜ್ ಮಾಡಿಸ್ದೆ. ಇನ್ಮೇಲೆ ಐ ವಿಲ್ ಟೇಕ್ ಕೇರ್ ಆಫ್ ಹಿಮ್."

ಹಿಂದಿನಿಂದ ಬಸವ್ವನ ದನಿ ಕೇಳಿಸಿತು, ವಾರದಲ್ಲಿ ಮೊದಲ ಸಲ ಸ್ವಲ್ಪ ಸಂತೋಷವಾಗಿ. "ಹುಗ್ಗಿ ಆಗೇದ ನೋಡವಾ. ನಿಮ್ಮಪ್ಪಗ ನೀನೇ ಉಣಿಸು ಬಾ."

ಸಿದ್ಧಲಿಂಗೇಶ್‌ರ ಕಣ್ಣು ತುಂಬಿ ಬಂತು. "ಬಸವಣ್ಣ ದೊಡ್ಡಾವ," ಎಂದರು.

"ಅಂಕಲ್, ಆ ರಿಪೋರ್ಟ್ ಸೈನ್ ಆಯ್ತಾ?" ಎಂದು ಕೇಳಿದಳು ಸಿದ್ದೇಶ್ವರಿ.

ಡರ್ಹಮ್ ಐದೂವರೆ ಗಂಟೆ ದೂರದಲ್ಲಿತ್ತು. ಶಕೀಲಾ ಪೆನ್ನಿಗೆ ಮುಚ್ಚಳ ಹಾಕಿ, ಕಾರಿನ ಕೀಲಿಗಾಗಿ ಕೈಚೀಲ ತಡಕಿದಳು. ಎದ್ದು ನಿಂತಾಗ ಮಂಡಿ ಕಟಕ್ಕೆಂದಿತು.

"ಈಗ ತಾನೇ ಸೈನ್ ಮಾಡಿದೆ, ಡಾಕ್ಟ್ರೇ," ಎಂದಳು, ದನಿ ನಡುಗದಂತೆ. "ಒವೈಸ್ ಹೆಸರೇ ಹಾಕಿದೀನಿ. ಹುಗ್ಗಿ ಬಿಸಿ ಇರತ್ತೆ, ಆರಲಿ ಬಿಡಿ. ಮೊದಲು ಅಪ್ಪನ ಕೈಗೆ ಫೋನ್ ಕೊಡ್ತೀರಾ? ಒಂದು ಮಾತು ಕೇಳಬೇಕಿತ್ತು."

ಆ ಕಡೆಯಿಂದ ಬಟ್ಟಲಿಗೆ ಚಮಚ ತಾಗುವ ಸದ್ದು ಕೇಳಿಸಿತು.

"ಅಪ್ಪ ಊಟ ಮಾಡ್ತಿದಾರೆ, ಆಂಟಿ," ಎಂದಳು ಸಿದ್ದೇಶ್ವರಿ.